ಬಿಳಿ ಅಕ್ಷರದಲ್ಲಿ ಪಂಕಜಾ

0.1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಮೂರು ದಿನದಿಂದ ನನಗೆ ತಲೆನೋವಾಗಿದೆ. ಶರ್ವಾಣಿಯಿಂದ ಶುರು ಮಾಡಿದರೆ ಅವಳು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾಳೆ. ಲ್ಯಾಪ್‌ಟಾಪ್ ಮುಂದೆ ಕೂತವರನ್ನು ವರ್ಣಿಸುವುದು ಎಷ್ಟು ಕಷ್ಟ ಅಂತ ವರ್ಣಿಸಲು ಹೊರಟವರಿಗೇ ಗೊತ್ತು. ಕೂತಿದ್ದಾಳೆ. ಇನ್ನೂ ಕೂತಿದ್ದಾಳೆ. ಕಾಫಿ ಕುಡಿದಳು. ಮತ್ತೆ ಕೂತಳು. ಹೋಗಲಿ, ಮದುವೆಯಿಂದ ಶುರು ಮಾಡೋಣವೆಂದರೆ ಮದುವೆ ಇನ್ನೂ ಆಗಿಲ್ಲ. ಜಗಳದಿಂದ ಶುರು ಮಾಡೋಣವೆಂದರೆ ಅದು ಏಳು ವರ್ಷ ಹಳೆಯದು, ಅದರಲ್ಲಿ ಈಗ ಬಿಸಿ ಉಳಿದಿಲ್ಲ. (ಉಳಿದಿದೆ. ಆಮೇಲೆ ಹೇಳುತ್ತೇನೆ.)

ಓದುಗರೇ, ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಾಫ್ಟ್‌ವೇರ್ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಮನೆಯ ವೈಫೈ ನಿಂತರೆ ಡಬ್ಬಿ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಬೇಕು. ಅಂಥ ನಾನು ಬಗ್ ಸರಿಪಡಿಸುವವಳ ಕಥೆ ಬರೆಯಲು ಕೂತಿದ್ದೇನೆ. ತಪ್ಪುಗಳಾಗುತ್ತವೆ. ಶರ್ವಾಣಿ ತಿದ್ದುತ್ತಾಳೆ, ಅದರಲ್ಲಿ ಅವಳದು ಎತ್ತಿದ ಕೈ.

0.2

ಶರ್ವಾಣಿಗೆ ಇಪ್ಪತ್ತೇಳು ವರ್ಷ. ಜೆ.ಪಿ. ನಗರ ಎರಡನೇ ಹಂತದಲ್ಲಿ ಒಂದು ಕನ್ನಡಕದಂಗಡಿಯ ಮೇಲಿನ ಮಹಡಿ, ಅಲ್ಲಿ ಐದೇ ಜನರ ಕಂಪನಿ, ಅದರಲ್ಲಿ ಅವಳಿಗೆ ಕೆಲಸ. ಕಂಪನಿಯದು ಒಂದೇ ಸಾಫ್ಟ್‌ವೇರ್, ಹೆಸರು 'ಮಾರ್ಪಾಡು'. ಒಂದು ಬಗೆಯ ಫೈಲನ್ನು ಇನ್ನೊಂದು ಬಗೆಗೆ ತಿರುಗಿಸಿಕೊಡುವುದು ಅದರ ಕಸುಬು. ಹಳೇ ಕಾಲದ ಟೈಪಿಂಗ್ ಫೈಲು ಹಾಕಿದರೆ ಪಿಡಿಎಫ್ ಬರುತ್ತದೆ, ಪಿಡಿಎಫ್ ಹಾಕಿದರೆ ತಿದ್ದಲು ಬರುವಂಥ ಫೈಲು ಬರುತ್ತದೆ. ಜಯನಗರದಿಂದ ಹಿಡಿದು ಇಟ್ಟಮಡುವಿನ ತನಕ ಜೆರಾಕ್ಸ್ ಅಂಗಡಿಯವರು, ಮದುವೆ ಕಾರ್ಡು ಮಾಡುವವರು, ವಕೀಲರ ಟೈಪಿಸ್ಟರು ಇದನ್ನು ಬಳಸುತ್ತಾರೆ. ಏನಾದರೂ ಕೆಟ್ಟರೆ ಫೋನು ನೇರ ಶರ್ವಾಣಿಗೆ ಬರುತ್ತದೆ. ವೆಬ್‌ಸೈಟಿನಲ್ಲಿ 'ಗ್ರಾಹಕ ಸೇವಾ ವಿಭಾಗ' ಎಂದು ಹಾಕಿರುವುದು ಅವಳದೇ ನಂಬರು.

ಮೂರು ವಾರದ ಹಿಂದೆ ಅವಳು ಮಾರ್ಪಾಡಿಗೆ ಒಂದು ಹೊಸ ಫೀಚರ್ ಸೇರಿಸಿದ್ದಳು. ಪೂರ್ತಿ ಅವಳದೇ ಯೋಚನೆ, ಅವಳದೇ ಕೋಡು. ಹೆಸರು 'ಕಣ್ಣಿಗೆ ಹಿತ'. ಪುಟದಲ್ಲಿ ಎಲ್ಲಾದರೂ ಅಕ್ಷರ ಮಸುಕಾಗಿದ್ದರೆ ಅದು ತಾನಾಗಿ ಗುರುತಿಸಿ ಕಪ್ಪು ಮಾಡುತ್ತದೆ. ಇಷ್ಟೇ. ಆದರೆ ಮರುದಿನವೇ ಬನಶಂಕರಿಯ ಒಬ್ಬ ನಿವೃತ್ತ ಮೇಷ್ಟ್ರು ಮೇಲ್ ಮಾಡಿದರು: 'ಆರು ವರ್ಷವಾದ ಮೇಲೆ ನನ್ನ ಲ್ಯಾಬ್ ರಿಪೋರ್ಟನ್ನು ನಾನೇ ಓದಿಕೊಂಡೆ. ಸಕ್ಕರೆ ಜಾಸ್ತಿ ಇದೆ. ಆದರೂ ಸಂತೋಷವಾಯಿತು.' ಶರ್ವಾಣಿ ಆ ಮೇಲನ್ನು ಹದಿನಾಲ್ಕು ಸಲ ಓದಿದಳು. ಐದು ವರ್ಷದ ನೌಕರಿಯಲ್ಲಿ ಅವಳ ಕೆಲಸಕ್ಕೆ ಯಾರಾದರೂ ಧನ್ಯವಾದ ಹೇಳಿದ್ದು ಅದೇ ಮೊದಲು.

0.2.1 (ಕೈಬಿಟ್ಟದ್ದು)

ಮೊದಲ ಕರಡಿನಲ್ಲಿ ಶರ್ವಾಣಿಗೆ ನಚಿಕೇತ ಎಂಬ ಪ್ರಿಯಕರನಿದ್ದ. ಅವನಿಗೆ ಮಾಡಲು ಕೆಲಸವೇ ಇರಲಿಲ್ಲ. ನಾಲ್ಕು ಪುಟ ಅವನನ್ನು ಬಿ.ಟಿ.ಎಂ. ಲೇಔಟಿನ ಒಂದು ಕೆಫೆಯಲ್ಲಿ ಕೂರಿಸಿದ್ದೆ, ಕಾಫಿ ಆರಿಹೋಯಿತು. ಅಳಿಸಿದೆ. ಹೇಳದೆ ಕೇಳದೆ ಅಳಿಸಿದ್ದಕ್ಕೆ ಶರ್ವಾಣಿ ಬೇಜಾರು ಮಾಡಿಕೊಳ್ಳಬಹುದು ಎಂದುಕೊಂಡಿದ್ದೆ.

"ಇಲ್ಲ, ಥ್ಯಾಂಕ್ಸ್," ಅಂದಳು. "ಅವನು ಬರೀ ಮೀಮ್ ಕಳಿಸ್ತಿದ್ದ."

0.3

ಈಗ ನಿಜವಾದ ಆರಂಭ. ಗುರುವಾರ, ಮಧ್ಯಾಹ್ನ ಒಂದೂವರೆ. ಶರ್ವಾಣಿಯ ಫೋನು ಹೊಡೆದುಕೊಂಡಿತು. ಶ್ರೀನಗರದ ಸಿದ್ಧಾರೂಢ ಗ್ರಾಫಿಕ್ಸ್‌ನ ನೀಲಕಂಠಪ್ಪ. ಗದಗದ ಕಡೆಯವರು. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಅವರ ಮಾತು ಮಾತ್ರ ಊರು ಬಿಟ್ಟಿಲ್ಲ.

"ಮೇಡಂ, ನಿಮ್ಮ ಹೊಸಾ ವರ್ಷನ್ ಹಾಕ್ಕೊಂಡ್ನಲ್ರೀ, ಮಲಗಿಸಿಟ್ಟ ಹೆಸರೆಲ್ಲಾ ಎದ್ದು ಕುಂತಾವ."

"ಯಾವ ಹೆಸರು ಸಾರ್?"

"ಲಗ್ನದ ಕಾರ್ಡಿನ್ಯಾಗಿನ ಹೆಸರ್ರೀ. ಬಿಳಿ ಮಾಡಿ ಇಟ್ಟಿದ್ದೆ."

ಶರ್ವಾಣಿಗೆ ತಲೆಬುಡ ಅರ್ಥವಾಗಲಿಲ್ಲ. ನಿಮಗೂ ಆಗಿರಲಾರದು, ಆದ್ದರಿಂದ ನಾನೇ ಬಿಡಿಸಿ ಹೇಳುತ್ತೇನೆ. ನಮ್ಮ ಮದುವೆ ಕಾರ್ಡಿನ ಕೆಳಗಡೆ 'ಸುಖಾಗಮನ ಬಯಸುವವರು' ಎಂದು ಒಂದು ಸಾಲು ಹೆಸರು ಇರುತ್ತದಲ್ಲ, ಕಾರ್ಡಿನಲ್ಲಿ ಎಲ್ಲರೂ ಕನ್ನಡಕ ಹಾಕಿಕೊಂಡು ಮೊದಲು ಓದುವುದು ಅದನ್ನೇ. ವಧೂವರರ ಹೆಸರು ಆಮೇಲೆ. ಆ ಸಾಲಿನಲ್ಲಿ ಯಾರಿರಬೇಕು, ಯಾರಿರಬಾರದು ಅನ್ನುವುದು ಮುಹೂರ್ತದ ಹಿಂದಿನ ತಿಂಗಳಿಡೀ ಬದಲಾಗುತ್ತಲೇ ಇರುತ್ತದೆ. ಸೋಮವಾರ ಚಿಕ್ಕಪ್ಪನನ್ನು ತೆಗೆಯಿರಿ ಎಂದವರು ಶನಿವಾರ ಬಂದು ಚಿಕ್ಕಪ್ಪನನ್ನು ಹಾಕಿ ಎನ್ನುತ್ತಾರೆ. ಹಾಗಾಗಿ ನೀಲಕಂಠಪ್ಪ ಯಾರ ಹೆಸರನ್ನೂ ಅಳಿಸುವುದಿಲ್ಲ. ತೆಗೆಯಿರಿ ಎಂದರೆ ಅಕ್ಷರಕ್ಕೆ ಬಿಳಿ ಬಣ್ಣ ಕೊಡುತ್ತಾರೆ. ಬಿಳಿ ಕಾಗದದ ಮೇಲೆ ಬಿಳಿ ಅಕ್ಷರ, ಯಾರಿಗೂ ಕಾಣುವುದಿಲ್ಲ. ರಾಜಿಯಾದ ದಿನ ಮತ್ತೆ ಕಪ್ಪು.

'ಕಣ್ಣಿಗೆ ಹಿತ' ಆ ಬಿಳಿ ಅಕ್ಷರಗಳನ್ನು ನೋಡಿತು. ಪಾಪ, ತುಂಬಾ ಮಸುಕಾಗಿವೆ ಎಂದುಕೊಂಡಿತು. ಎಲ್ಲವನ್ನೂ ಕಪ್ಪು ಮಾಡಿತು.

ಎಲ್ಲವನ್ನೂ ಎಂದೆ, ಆದರೆ ಈ ಕಾರ್ಡಿನಲ್ಲಿ ಹಾಗೆ ಮಲಗಿದ್ದದ್ದು ಒಂದೇ ಹೆಸರು: ಶ್ರೀಮತಿ ಪಂಕಜಾ. ಮದುಮಗಳು ಪ್ರಕೃತಿಯ ಸೋದರತ್ತೆ, ಅಂದರೆ ಮದುಮಗಳ ಅಪ್ಪ ಸೀನು ಅವರ ಸ್ವಂತ ಅಕ್ಕ. ಪಟ್ಟಿಯಲ್ಲಿ ಬರೆದುಕೊಟ್ಟವರೂ ಸೀನು ಅವರೇ, ಮರುದಿನ ಬಂದು ತೆಗೆಸಿದವರೂ ಅವರೇ. ಪ್ರೂಫ್ ಪಿಡಿಎಫ್ ಸೀನು ಅವರ ವಾಟ್ಸಾಪ್‌ಗೆ ಹೋಗಿತ್ತು. ಈಗ ಅವರು ಕತ್ರಿಗುಪ್ಪೆಯಿಂದ ಆಟೋ ಹಿಡಿದು ಬಂದು ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಾರೆ. ಸಂಜೆ ಐದಕ್ಕೆ ಫೈಲು ಪ್ರೆಸ್ಸಿಗೆ ಹೋಗಬೇಕು, ಭಾನುವಾರದಿಂದ ಕಾರ್ಡು ಹಂಚಬೇಕು.

ಆದ್ದರಿಂದ ಓದುಗರೇ, ಈ ಕಥೆಯಲ್ಲಿ ನೀವು ಕಾಯಬೇಕಾದದ್ದು ಇಷ್ಟಕ್ಕೇ: ಐದು ಗಂಟೆಗೆ ಆ ಕಾರ್ಡಿನಲ್ಲಿ ಪಂಕಜಾ ಇರುತ್ತಾರೋ ಇಲ್ಲವೋ.

0.4

ಕಂಪನಿಯ ಯಜಮಾನ ಚಿದಾನಂದ್ ವಿಷಯ ಕೇಳಿ ಕುರ್ಚಿಯಿಂದ ಏಳಲೂ ಇಲ್ಲ.

"ಫೀಚರ್ ತೆಗೆದುಬಿಡು ಶರ್ವಾಣಿ. ಹಳೇ ವರ್ಷನ್ ಹಾಕು."

"ಸಾರ್, ಬಿಳಿ ಮೇಲೆ ಬಿಳಿ ಯಾರಾದ್ರೂ ಬರೀತಾರೆ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

"ಗೊತ್ತಾಯ್ತಲ್ಲ ಈಗ. ಅವರೊಬ್ಬರೇ ಅಂದ್ಕೊಂಡ್ಯಾ? ಶ್ರೀನಗರದಲ್ಲಿ ಇವತ್ತು, ನಾಳೆ ಎಲ್ಲ ಕಾರ್ಡ್ ಅಂಗಡೀಲೂ ದೊಡ್ಡಪ್ಪ ಚಿಕ್ಕಪ್ಪ ಎಲ್ಲಾ ಎದ್ದು ಬರ್ತಾರೆ."

"ತೆಗೆದ್ರೆ ಆ ಮೇಷ್ಟ್ರು ಏನು ಮಾಡ್ಬೇಕು?"

ಚಿದಾನಂದ್ ಒಳ್ಳೆಯವನು. (ಮೊದಲ ಕರಡಿನಲ್ಲಿ ಕೆಟ್ಟವನನ್ನಾಗಿ ಮಾಡಲು ನೋಡಿದ್ದೆ. ಅವನಿಗೆ ಮೀಸೆ ಕೂಡ ಕೊಟ್ಟಿದ್ದೆ. ಕೂರಲಿಲ್ಲ.) ಗಡಿಯಾರ ನೋಡಿ ಹೇಳಿದ: "ಐದು ಗಂಟೆ ತನಕ ಟೈಮ್. ಸರಿ ಮಾಡಿದ್ರೆ ಇರ್ಲಿ. ಇಲ್ಲಾಂದ್ರೆ ತೆಗಿ."

ಆ ಫೈಲನ್ನು ಕಣ್ಣಾರೆ ನೋಡದೆ ಸರಿ ಮಾಡಲಾಗದು ಎಂದು ಶರ್ವಾಣಿ ಸ್ಕೂಟರಿನ ಕೀ ಎತ್ತಿಕೊಂಡವಳು ಅರ್ಧ ಮೆಟ್ಟಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ಒಂದು ನಿಮಿಷ ಸಾರ್. ಈ ಕಥೇಲಿ ದೊಡ್ಡ ತೂತಿದೆ."

"ಏನು?"

"ನೀಲಕಂಠಪ್ಪ ಅವರು ಆ ಹೆಸರನ್ನ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ರೆ ಮುಗೀತಲ್ಲ. ನಾನ್ಯಾಕೆ ಬಿಸಿಲಲ್ಲಿ ಶ್ರೀನಗರಕ್ಕೆ ಹೋಗ್ಬೇಕು?"

ಓದುಗರೇ, ನೀವೂ ಇದನ್ನೇ ಯೋಚಿಸುತ್ತಿದ್ದಿರಿ, ಸೌಜನ್ಯಕ್ಕೆ ಸುಮ್ಮನಿದ್ದಿರಿ. ನಾನು ತಲೆ ಕೆರೆದುಕೊಂಡೆ. ಆಮೇಲೆ, ನೀನೇ ಫೋನ್ ಮಾಡಿ ಕೇಳು ಅಂದೆ. ಕೇಳಿದಳು.

"ನಾ ಅಳಸಂಗಿಲ್ರೀ ಮೇಡಂ," ಅಂದರು ನೀಲಕಂಠಪ್ಪ. "ಅಂಗಡಿ ತೆಗೆದ ಹೊಸದ್ರಾಗ ಒಮ್ಮೆ ಅಳಿಸಿದ್ದೆ. ಲಗ್ನ ಎಂಟು ದಿನ ಐತಿ ಅನ್ನೂದ್ರಾಗ ರಾಜಿ ಆದ್ರು. ಆ ಹೆಸರ ನನಗ ನೆನಪಾಗ್ಲಿಲ್ಲ. ನೆನಪಿಗೆ ಬಂದದ್ದು ಟೈಪ್ ಮಾಡಿ ಕಳಿಸಿದೆ. ಅದು ಅವರ ಮನೆತನಕ್ಕ ಆಗದವನ ಹೆಸರು. ಮಂಟಪದಾಗ ಅವ ಬಂದು ಮುಂದಿನ ಸಾಲಿನ್ಯಾಗ ಕುಂತಿದ್ದ. ಅವತ್ತಿಂದ ಬಿಟ್ಟೆ. ಅಳಸೂದಿದ್ರ ಗಿರಾಕಿ ತಮ್ಮ ಕೈಲೆ ಅಳಸ್ಲಿ."

"ಹಾಗಾದ್ರೆ ಅವರಿಗೇ ಅಳಿಸೋಕೆ ಹೇಳಿ."

"ಕೀಬೋರ್ಡ್ ಅವರ ಮುಂದ ಇಟ್ಟು ಅರ್ಧ ತಾಸಾತ್ರೀ. ಕೈ ಮಡಚಿಕೊಂಡು ಕುಂತಾರ."

ತೂತು ಮುಚ್ಚಿತು. (ನನ್ನ ಜಾಣತನವೇನೂ ಇಲ್ಲ, ನೀಲಕಂಠಪ್ಪನವರದು.)

0.5

ಬನಶಂಕರಿ ಸಿಗ್ನಲ್ಲಿನ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ. ನೀವು ದಿನವೂ ನಿಲ್ಲುವ ಜಾಗ, ಕಥೆಯಲ್ಲೂ ನಿಲ್ಲಿಸಬೇಕೇ ಎಂದು ತೆಗೆದಿದ್ದೇನೆ. ಶರ್ವಾಣಿ ಸಿದ್ಧಾರೂಢ ಗ್ರಾಫಿಕ್ಸ್ ತಲುಪಿದಾಗ ಎರಡೂ ಮುಕ್ಕಾಲು. ಸಣ್ಣ ಅಂಗಡಿ. ಗೋಡೆ ತುಂಬ ಮಾದರಿ ಕಾರ್ಡುಗಳು, ಎಲ್ಲದರ ಮೇಲೂ ಗಣಪತಿ. ಸ್ಟೂಲಿನ ಮೇಲೆ ಸೀನು. ಅರವತ್ತರ ಹತ್ತಿರದವರು, ಬ್ಯಾಂಕಿನಿಂದ ನಿವೃತ್ತರು, ಇಸ್ತ್ರಿ ಮಾಡಿದ ಶರ್ಟು.

"ಏನಮ್ಮಾ," ಅಂದರು ಅವಳನ್ನು ನೋಡಿದ್ದೇ. "ನಮ್ಮನೆ ವಿಷ್ಯ ನಿಮ್ಮ ಕಂಪ್ಯೂಟರ್‌ಗೆ ಹೇಳಿದ್ಯಾರು?"

"ಯಾರೂ ಹೇಳಿಲ್ಲ ಅಂಕಲ್. ನನ್ನ ತಪ್ಪು. ಮಸುಕಾಗಿರೋದನ್ನ ಓದೋ ಹಾಗೆ ಮಾಡು ಅಂತ ಬರೆದಿದ್ದೆ. ಬೇಕಂತಲೇ ಮಸುಕು ಮಾಡಿರ್ತಾರೆ ಅಂತ ಹೊಳೀಲಿಲ್ಲ."

"ಬೆಳಿಗ್ಗೆ ಪ್ರೂಫ್ ನೋಡಿ, ನಮ್ಮನೆಯವಳೇ ಹಾಕ್ಸಿದಾಳೆ ಅಂದ್ಕೊಂಡು ಅವಳ ಮೇಲೆ ರೇಗಾಡ್ದೆ. ಅವಳು, ಮಗಳನ್ನ ಕೇಳಿ ಅಂದ್ಲು. ಮಗಳು, ನಾನು ಹಾಕ್ಸಿಲ್ಲ ಅಪ್ಪಾ, ಆದ್ರೆ ಹಾಕ್ಸಬೇಕಿತ್ತು ಅಂತ ಅಳೋಕೆ ಶುರು ಮಾಡಿದ್ಲು. ಒಂದು ಹೆಸರಿಂದ ಇಡೀ ಮನೆ ತಿಂಡಿ ತಿಂದಿಲ್ಲ ಇವತ್ತು."

ಶರ್ವಾಣಿ ಕೇಳಬಾರದಾಗಿತ್ತು. ಆದರೆ ಅವಳು ಕೇಳದಿದ್ದರೆ ನಿಮಗೆ ಗೊತ್ತಾಗುವುದಿಲ್ಲ, ಹಾಗಾಗಿ ಕೇಳಿಸಿದೆ.

"ಜಗಳ ಯಾಕಾಯ್ತು ಅಂಕಲ್?"

ಸೀನು ನೀಲಕಂಠಪ್ಪನ ಕಡೆ ನೋಡಿದರು. ನೀಲಕಂಠಪ್ಪ ಪ್ರಿಂಟರಿಗೆ ಕಾಗದ ತುಂಬುವವರಂತೆ ಬೆನ್ನು ತಿರುಗಿಸಿದರು. ಕಾಗದ ಆಗಲೇ ತುಂಬಿತ್ತು.

ಏಳು ವರ್ಷದ ಹಿಂದೆ ಕತ್ರಿಗುಪ್ಪೆ ಮನೆಯ ಗೃಹಪ್ರವೇಶ. ನಲವತ್ತು ಜನರ ಎದುರು ಪಂಕಜಾ ನಡುಮನೆಯ ನೆಲ ನೋಡಿ, ಇದೇನೋ ಸೀನು, ಬಾತ್‌ರೂಮ್ ಟೈಲ್ಸ್ ಇಲ್ಲಿ ಹಾಕಿಬಿಟ್ಟಿದೀಯ ಅಂದರು. ತಮಾಷೆಗೇ ಅಂದದ್ದು. ಸೀನು ಉತ್ತರಕ್ಕೆ ಅಂದದ್ದು ತಮಾಷೆಯಾಗಿರಲಿಲ್ಲ: ಬಾಡಿಗೆ ಮನೇಲಿರೋರು ಟೈಲ್ಸ್ ಬಗ್ಗೆ ಮಾತಾಡಬಾರದು. ಊಟದ ಎಲೆಯ ಮುಂದೆ ಕೂತಿದ್ದ ಪಂಕಜಾ ತುತ್ತೂ ಮುಟ್ಟದೆ ಎದ್ದು ಹೋದರು. ಅವರು ಸೀನುಗಿಂತ ಒಂಬತ್ತು ವರ್ಷ ದೊಡ್ಡವರು. ತಾಯಿ ಬೇಗ ಹೋಗಿಬಿಟ್ಟ ಮನೆ, ತಮ್ಮನಿಗೆ ತಲೆ ಬಾಚಿ, ಬುತ್ತಿ ಕಟ್ಟಿ, ಕೈಹಿಡಿದು ಸ್ಕೂಲಿಗೆ ಬಿಟ್ಟು ಬಂದು ತಾವು ಕಾಲೇಜಿಗೆ ತಡವಾಗಿ ಹೋದವರು.

"ನಾನಂದಿದ್ದು ತಪ್ಪು," ಅಂದರು ಸೀನು. "ಅದು ಅಲ್ಲೇ, ಆಗಲೇ ಗೊತ್ತಾಯ್ತು. ಆದ್ರೆ ನಲವತ್ತು ಜನ ನೋಡ್ತಿದ್ರಲ್ಲ."

ಏಳು ವರ್ಷ ಇವರು ಕ್ಷಮೆ ಕೇಳಲಿಲ್ಲ, ಅವರು ಫೋನ್ ಮಾಡಲಿಲ್ಲ. ನನಗೆ ಇದನ್ನು ಬರೆಯುವಾಗ ನಿಜವಾಗಿಯೂ ಸಂಕಟವಾಯಿತು. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ವರ್ಷಗಳು.

0.6

ಮೂರೂ ಕಾಲಿನಿಂದ ನಾಲ್ಕೂ ಕಾಲಿನ ತನಕ ಶರ್ವಾಣಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. (ಮೊದಲೇ ಹೇಳಿದ್ದೆ. ಕೂತಿದ್ದಾಳೆ. ನೀಲಕಂಠಪ್ಪ ಚಹಾ ತರಿಸಿದರು. ಇನ್ನೂ ಕೂತಿದ್ದಾಳೆ.) ಅವಳು ಮಾಡಿದ ಬದಲಾವಣೆಯನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮಸುಕು ಅಕ್ಷರ ಸಿಕ್ಕರೆ ಮಾರ್ಪಾಡು ಮೊದಲಿನಂತೆ ಕಪ್ಪು ಮಾಡುತ್ತದೆ. ಆದರೆ ಅಕ್ಷರದ ಬಣ್ಣವೂ ಕಾಗದದ ಬಣ್ಣವೂ ಒಂದೇ ಆಗಿದ್ದರೆ, ಯಾರೋ ಬೇಕೆಂದೇ ಬಚ್ಚಿಟ್ಟಿದ್ದಾರೆ ಎಂದು ತಿಳಿದುಕೊಂಡು, ತಾನಾಗಿ ಏನೂ ಮಾಡದೆ ಪರದೆಯ ಮೇಲೆ ಒಂದು ಪ್ರಶ್ನೆ ಕೇಳುತ್ತದೆ:

'ಈ ಪುಟದಲ್ಲಿ ಕಾಣದಂತೆ ಇಟ್ಟ ಹೆಸರೊಂದಿದೆ. ತೋರಿಸಲೇ?'

ಕೆಳಗೆ ಎರಡು ಗುಂಡಿ. 'ತೋರಿಸು', 'ಬೇಡ'.

"ಇಲ್ಲೇ ಕಷ್ಟ ಇರೋದು," ಅಂದಳು ನನಗೆ. "ಯೋಚನೆ ಮಾಡದೆ ಎಂಟರ್ ಒತ್ತಿದ್ರೆ ಯಾವುದು ಆಗ್ಬೇಕು? ಒಂದನ್ನ ಮೊದಲೇ ಆರಿಸಿಟ್ಟಿರಬೇಕು. ಹೆಚ್ಚು ಜನ ಓದದೆ ಎಂಟರ್ ಒತ್ತೋರೇ. ಅಂದ್ರೆ ಇಂಥ ಮನೆಗಳಲ್ಲಿ ಯಾರು ಇರಬೇಕು, ಯಾರು ಇರಬಾರದು ಅಂತ ಜೆ.ಪಿ. ನಗರದಲ್ಲಿ ಕೂತು ನಾನು ತೀರ್ಮಾನ ಮಾಡಿದ ಹಾಗೆ."

"ತೋರಿಸು ಅಂತ ಇಟ್ಟುಬಿಡು," ಅಂದೆ. ನನಗೆ ಕಥೆ ಬೇಗ ಮುಗಿಯಬೇಕಿತ್ತು.

"ನೀವು ಸುಮ್ನಿರಿ."

ಕೊನೆಗೆ ಎಂಟರ್ ಒತ್ತಿದರೆ ಏನೂ ಆಗದಂತೆ ಮಾಡಿದಳು. ಬೆರಳಿಟ್ಟು ಆರಿಸಲೇಬೇಕು. ಟೆಸ್ಟ್ ಮಾಡಿದಳು, ಮೇಷ್ಟ್ರ ಲ್ಯಾಬ್ ರಿಪೋರ್ಟಿನಂಥ ಮಸುಕು ಪುಟವನ್ನೂ ಹಾಕಿ ನೋಡಿದಳು. ಚಿದಾನಂದ್‌ಗೆ ಮೆಸೇಜ್ ಮಾಡಿದಳು. ಅವನು ಹೆಬ್ಬೆರಳು ಕಳಿಸಿದ. ಫೀಚರ್ ಉಳಿಯಿತು.

ನನ್ನ ಯೋಜನೆಯ ಪ್ರಕಾರ ಕಥೆ ಇಲ್ಲಿಗೆ ಮುಗಿಯಬೇಕು. ನಾಯಕಿ ಗೆದ್ದಳು, ಹೊತ್ತಿಗೆ ಮುಂಚೆ ಕೆಲಸವಾಯಿತು. ಆದರೆ ಪ್ರಶ್ನೆ ಪರದೆಯ ಮೇಲೆ ಹಾಗೇ ನಿಂತಿದೆ, ಯಾರೂ ಗುಂಡಿ ಮುಟ್ಟುತ್ತಿಲ್ಲ. ನಾಲ್ಕೂ ಇಪ್ಪತ್ತೈದು.

0.7 (ನೀವೇ ಆರಿಸಿಕೊಳ್ಳಿ)

ಒಂದನೇ ಮುಕ್ತಾಯ. ಸೀನು 'ಬೇಡ' ಒತ್ತುತ್ತಾರೆ. ಕಾರ್ಡು ಅಚ್ಚಾಗುತ್ತದೆ. ಮದುವೆಯ ದಿನ ಪಂಕಜಾ ಕರೆಯದೆಯೇ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. (ಬರೆದು ಓದಿದೆ. ಸಂಜೆಯ ಧಾರಾವಾಹಿಯಂತಿತ್ತು. ಕರೆಯದೆ ಬರುವ ಹೆಂಗಸಲ್ಲ ಪಂಕಜಾ.)

ಎರಡನೇ ಮುಕ್ತಾಯ. ನೀಲಕಂಠಪ್ಪ 'ತೋರಿಸು' ಒತ್ತುತ್ತಾರೆ. ಅವರನ್ನೇ ಕೇಳಿದೆ. "ನಂದಲ್ದ ಮನಿಯೊಳಗ ನಾ ಯಾಕ ಕೈ ಹಾಕ್ಲ್ರೀ," ಅಂದರು.

ಮೂರನೇ ಮುಕ್ತಾಯ. ಸೀನು ಒಂದು ನಡುದಾರಿ ಹುಡುಕುತ್ತಾರೆ. ಇದು ನಾನು ಕಟ್ಟಿದ್ದಲ್ಲ, ಅವರು ನಿಜವಾಗಿಯೂ ಕೇಳಿದರು: "ಪೂರ್ತಿ ಕಪ್ಪು ಬೇಡಮ್ಮಾ. ಸ್ವಲ್ಪ ಬೂದು ಬಣ್ಣದಲ್ಲಿ ಬರುತ್ತಾ? ಅವಳಿಗೆ ಕಾಣಬೇಕು, ನಮ್ಮ ಕಡೆಯವರಿಗೆ ಅಷ್ಟಾಗಿ ಕಾಣಬಾರದು."

"ಬೂದು ಕೊಟ್ರೆ ಮಸುಕು ಅಂತ ಮಾರ್ಪಾಡು ಕಪ್ಪು ಮಾಡಿಬಿಡುತ್ತೆ ಅಂಕಲ್," ಅಂದಳು ಶರ್ವಾಣಿ, ನಗು ತಡೆದುಕೊಂಡು.

ಆಮೇಲೆ ನನ್ನ ಕಡೆ ತಿರುಗಿ ಒಂದು ಚೀಟಿ ಕೊಟ್ಟಳು. ಈ ಕಥೆಯಲ್ಲಿ ತನಗೆ ಸಿಕ್ಕ ಬಗ್‌ಗಳ ಪಟ್ಟಿಯಂತೆ. ಚಿದಾನಂದನ ಕುರ್ಚಿಗೆ ಚಕ್ರ ಇದೆಯೋ ಇಲ್ಲವೋ ಹೇಳಿಲ್ಲ, ಇರಲಿ. ಶ್ರೀನಗರದಲ್ಲಿ ಸ್ಕೂಟರ್ ಎಲ್ಲಿ ನಿಲ್ಲಿಸಿದೆ ಎಂದು ಹೇಳಿಲ್ಲ, ಅದು ಸುಳ್ಳುಸುಳ್ಳು ಬರೆಯುವುದಕ್ಕಿಂತ ವಾಸಿ. ಮೂರನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು: 'ಆಗಿನಿಂದ ನಾಲ್ಕು ಜನ ಸೇರಿ ಪಂಕಜಾ ಇರಬೇಕೋ ಬೇಡವೋ ಎನ್ನುತ್ತಿದ್ದೇವೆ. ಪಂಕಜಾ ಅವರನ್ನು ಯಾರೂ ಕೇಳಿಲ್ಲ. ಟೈಲ್ಸ್ ತಮಾಷೆ ಬಿಟ್ಟರೆ ಅವರಿಗೆ ಒಂದು ಸಾಲು ಮಾತೂ ಕೊಟ್ಟಿಲ್ಲ. ತೀವ್ರತೆ: ಹೆಚ್ಚು.'

ನನ್ನ ಮುಖ ಸಣ್ಣದಾಯಿತು. ಸಮರ್ಥನೆಗೆ ಏನಾದರೂ ಹೇಳಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಶರ್ವಾಣಿ ಅದೇ ಮಾತನ್ನು ಸೀನು ಅವರಿಗೂ ಹೇಳಿಯಾಗಿತ್ತು, ಇನ್ನೂ ಮೆತ್ತಗೆ.

"ಅಂಕಲ್, ಈ ಪ್ರಶ್ನೆನ ಕಂಪ್ಯೂಟರ್ ನಿಮ್ಮನ್ನ ಕೇಳ್ತಿದೆ. ನೀವು ಅವರನ್ನ ಕೇಳಬಾರದಾ?"

0.8

ಸೀನು ಫೋನು ತೆಗೆದರು. ನಂಬರು ಹುಡುಕಬೇಕಾಗಲಿಲ್ಲ, ಬೆರಳು ತಾನಾಗಿ ಒತ್ತಿಕೊಂಡು ಹೋಯಿತು. ಅಂಗಡಿಯಲ್ಲಿ ನಾವು ಮೂವರೂ ಬೇರೆ ಬೇರೆ ಗಣಪತಿಗಳನ್ನು ನೋಡತೊಡಗಿದೆವು. ರಿಂಗಾಯಿತು. ಆಯಿತು. ಆಯಿತು.

"ಹಲೋ," ಅಂದಿತು ಆ ಕಡೆಯ ದನಿ. ಅಂಗಡಿ ಸಣ್ಣದು, ಎಲ್ಲರಿಗೂ ಕೇಳಿಸಿತು.

ತಪ್ಪಾಯ್ತು ಅಕ್ಕ ಅನ್ನುತ್ತಾರೆ ಎಂದು ನಾನು ಪೆನ್ನು ಹಿಡಿದು ಕಾದೆ. ಆದರೆ ಸೀನು ಅವರ ಬಾಯಿಂದ ಬಂದದ್ದು ಬೇರೆ.

"ಅಕ್ಕಾ, ನಾನು ಸೀನು. ಪ್ರಕೃತಿ ಮದುವೆ. ನಿನ್ನ ಕಡೆಯವರಿಗೆ ಹಂಚೋಕೆ ಕಾರ್ಡು ಎಷ್ಟು ಬೇಕು?"

ನೀಲಕಂಠಪ್ಪ ಕರೆಂಟು ಹೋಯಿತೇನೋ ಎಂಬಂತೆ ಫ್ಯಾನು ನೋಡಿದರು. ಪಂಕಜಾ ಅಳುತ್ತಿದ್ದರೋ, ಫೋನು ಕೆಳಗಿಟ್ಟು ಹೋಗಿದ್ದರೋ ನನಗೂ ಗೊತ್ತಿಲ್ಲ. ಕೊನೆಗೆ ಮೂಗು ಏರಿಸಿಕೊಂಡ ಸದ್ದು ಬಂತು, ಅದರ ಹಿಂದೆಯೇ ಗಟ್ಟಿ ದನಿ.

"ಕಾರ್ಡಲ್ಲಿ ನನ್ನ ಹೆಸರು ಎಷ್ಟನೇದೋ?"

ಸೀನು ಪರದೆ ನೋಡಿದರು. "ನಾಲ್ಕನೇದು."

"ನಾಲ್ಕನೇದಾದ್ರೆ ಇಪ್ಪತ್ತು ಸಾಕು. ಮೊದಲನೇದಾದ್ರೆ ನೂರಿಪ್ಪತ್ತು ಕಳಿಸು."

ಸೀನು ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಎರಡನ್ನೂ ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ನನಗೆ ಇಷ್ಟು ಸಾಕು ಅನ್ನಿಸಿತು. ಇಲ್ಲಿಗೆ ನಿಲ್ಲಿಸಿದರೆ ನೀವೂ ಸಂತೋಷವಾಗಿ ಎದ್ದು ಹೋಗುತ್ತೀರಿ. 'ಮುಗಿಯಿತು' ಎಂದು ಬರೆಯಲು ಸಾಲು ಬಿಟ್ಟೆ. ಅಷ್ಟರಲ್ಲಿ ಸೀನು ಫೋನಿನ ಮೇಲೆ ಅಂಗೈ ಮುಚ್ಚಿ, ದನಿ ಇಳಿಸಿ ಕೇಳಿದರು.

"ನೀಲಕಂಠಪ್ಪ, ಈಗ ಮೊದಲನೇ ಹೆಸರು ಯಾರದ್ದಿದೆ?"

ನೀಲಕಂಠಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ನಿಮ್ಮ ಮನಿಯವರ ಅಣ್ಣಂದು ಐತ್ರೀ."